ಘಾಟಿಗೆ ಗಂಟಲು ಮುಚ್ಚಿಕೊಂಡಾಗ: ಧ್ವನಿತಂತುಗಳ ತೊಂದರೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ವಾಕ್ ಚಿಕಿತ್ಸಕಿ. ತೊದಲುವ ಮಕ್ಕಳು, ಲಕ್ವ ಹೊಡೆದು ಮಾತು ನಿಂತ ಹಿರಿಯರು, ಪಾಠ ಮಾಡಿ ಮಾಡಿ ದನಿ ಒಡೆದ ಮೇಷ್ಟ್ರುಗಳು ನನ್ನಲ್ಲಿಗೆ ಬರುತ್ತಾರೆ. ಇವರ ನಡುವೆ ಆಗೊಮ್ಮೆ ಈಗೊಮ್ಮೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರೊಬ್ಬರು ಪ್ಲಾಸ್ಟಿಕ್ ಕವರಿನ ತುಂಬ ಇನ್ಹೇಲರ್, ಎಕ್ಸ್‌ರೇ, ಮಾತ್ರೆ ಚೀಟಿ ಹಿಡಿದುಕೊಂಡು ಬಂದು ಕೂರುತ್ತಾರೆ. "ಇಎನ್‌ಟಿ ಡಾಕ್ಟ್ರು ನಿಮ್ಮ ಹತ್ರ ಹೋಗಿ ಅಂದ್ರು. ಆದ್ರೆ ನಂಗೆ ಮಾತು ಸರಿಯಾಗೇ ಇದೆ ಮೇಡಂ, ಉಸಿರೇ ಸರಿ ಇಲ್ಲ" ಎಂಬುದು ಅವರ ಮೊದಲ ಮಾತು. ಅಂಥವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಉಸಿರು ಕಟ್ಟುತ್ತದೆ, ಸುಂಯ್ ಅನ್ನುತ್ತದೆ. ಇದು ದಮ್ಮೇ ಅಲ್ಲವೇ?

ಇರಬಹುದು, ಇಲ್ಲದೆಯೂ ಇರಬಹುದು. ನಾನು ಮೊದಲು ಕೇಳುವುದು ಒಂದೇ: ಉಸಿರು ಸಿಕ್ಕಿಕೊಳ್ಳುವುದು ಒಳಗೆ ಎಳೆಯುವಾಗಲೋ, ಹೊರಗೆ ಬಿಡುವಾಗಲೋ?

ದಮ್ಮು, ಅಂದರೆ ಅಸ್ತಮಾ, ಶ್ವಾಸಕೋಶದೊಳಗಿನ ಸಣ್ಣ ಕೊಳವೆಗಳ ಕಾಯಿಲೆ. ಅಲ್ಲಿ ಗಾಳಿಯನ್ನು ಹೊರಗೆ ಬಿಡುವುದೇ ಹೆಚ್ಚು ಕಷ್ಟ. ಎದೆ ಬಿಗಿಯುತ್ತದೆ, ರಾತ್ರಿ ಮತ್ತು ಬೆಳಗಿನ ಜಾವ ಜಾಸ್ತಿಯಾಗುತ್ತದೆ. ನಾನು ಹೇಳುತ್ತಿರುವ ತೊಂದರೆಯಲ್ಲಿ ಹೆಚ್ಚಿನವರು ಕೈ ಇಟ್ಟು ತೋರಿಸುವುದು ಎದೆಯನ್ನಲ್ಲ, ಕೊರಳನ್ನು. ಗಾಳಿ ಒಳಗೇ ಹೋಗುವುದಿಲ್ಲ ಅನ್ನುತ್ತಾರೆ. ಎಳೆಯುವಾಗ ಗಂಟಲಿನಲ್ಲಿ ಕರ್ಕಶ ಸದ್ದು ಬರುತ್ತದೆ. ನಿಮಿಷದೊಳಗೆ ಏರುತ್ತದೆ, ಎಷ್ಟೋ ಸಲ ಹಾಗೇ ಇಳಿದೂ ಹೋಗುತ್ತದೆ. ಇನ್ಹೇಲರ್ ಹೊಡೆದರೂ ಅಷ್ಟಕ್ಕಷ್ಟೇ. ನಿದ್ದೆಯಿಂದ ಎಬ್ಬಿಸುವುದು ಕಡಿಮೆ.

ಇದಕ್ಕೆ ವೈದ್ಯರು ವೋಕಲ್ ಕಾರ್ಡ್ ಡಿಸ್‌ಫಂಕ್ಷನ್, ಚಿಕ್ಕದಾಗಿ ವಿಸಿಡಿ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಇಂಡ್ಯೂಸಿಬಲ್ ಲ್ಯಾರಿಂಜಿಯಲ್ ಅಬ್‌ಸ್ಟ್ರಕ್ಷನ್ ಎಂಬ ಹೆಸರೂ ಬಂದಿದೆ. ಚೀಟಿಯಲ್ಲಿ ಐಎಲ್ಒ ಎಂದು ಬರೆದಿದ್ದರೆ ಬೇರೆ ರೋಗ ಅಂದುಕೊಳ್ಳಬೇಡಿ.

ಗಂಟಲೊಳಗೆ ನಿಜವಾಗಿ ಏನಾಗುತ್ತದೆ?

ಕೊರಳ ಮುಂದೆ ಬೆರಳಿಗೆ ಗಟ್ಟಿಯಾಗಿ ಸಿಗುತ್ತದಲ್ಲ, ಅದರ ಹಿಂದೆ ಧ್ವನಿಪೆಟ್ಟಿಗೆ ಇದೆ. ಅದರೊಳಗೆ ಎರಡು ಧ್ವನಿತಂತುಗಳು. ಹೆಂಗಸರಲ್ಲಿ ಅವುಗಳ ಉದ್ದ ಒಂದೂವರೆ ಸೆಂಟಿಮೀಟರ್ ಆಸುಪಾಸು, ಗಂಡಸರಲ್ಲಿ ಎರಡರ ಆಸುಪಾಸು. ಮಾತಾಡುವಾಗ ಎರಡೂ ಕೂಡಿ ಅದುರುತ್ತವೆ, ಉಸಿರೆಳೆದುಕೊಳ್ಳುವಾಗ ಬಾಗಿಲ ಎರಡು ರೆಕ್ಕೆಗಳ ಹಾಗೆ ಅಗಲವಾಗಿ ತೆರೆದುಕೊಳ್ಳುತ್ತವೆ. ವಿಸಿಡಿಯಲ್ಲಿ ಈ ಕ್ರಮವೇ ತಿರುಗುಮುರುಗು. ತೆರೆಯಬೇಕಾದ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ.

ಇಎನ್‌ಟಿ ಕೋಣೆಯ ಪರದೆಯ ಮೇಲೆ ಇದನ್ನು ಮೊದಲ ಸಲ ನೋಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂಗಿನಿಂದ ಇಳಿಸಿದ ಸಣ್ಣ ಕ್ಯಾಮೆರಾ. ತಂತುಗಳು ಮುತ್ತಿನ ಬಿಳುಪು, ಸುತ್ತ ಒದ್ದೆಯಾದ ನಸುಗೆಂಪು. ಪರೀಕ್ಷೆಗೆ ಕೂತಿದ್ದ ಹೆಣ್ಣುಮಗಳು ಉಸಿರೆಳೆಯಲು ಹೋದರು. ಎರಡು ಬಿಳಿ ಗೆರೆಗಳು ಅಗಲವಾಗುವ ಬದಲು ಒಂದಕ್ಕೊಂದು ಅಂಟುವಷ್ಟು ಹತ್ತಿರ ಬಂದವು. ಹಿಂಭಾಗದಲ್ಲಿ ಮಾತ್ರ ವಜ್ರದಾಕಾರದ ಒಂದು ಸಣ್ಣ ಕಿಂಡಿ ಉಳಿಯಿತು. ಅಷ್ಟೂ ಹೊತ್ತು ಆಕೆ ಉಸಿರಾಡಿದ್ದು ಆ ಕಿಂಡಿಯಿಂದ. "ನೋಡಿ, ನಾನು ಸುಳ್ಳು ಹೇಳಿರಲಿಲ್ಲ" ಎಂದು ಆಮೇಲೆ ಗಂಡನಿಗೆ ಹೇಳಿದರು.

ಘಾಟಿಗೂ ಇದಕ್ಕೂ ಏನು ಸಂಬಂಧ?

ಧ್ವನಿಪೆಟ್ಟಿಗೆಯ ಮೊದಲ ಕೆಲಸ ಮಾತಲ್ಲ, ಕಾವಲು. ಅನ್ನದ ಅಗುಳು, ನೀರು, ವಿಷದ ಗಾಳಿ ಶ್ವಾಸಕೋಶಕ್ಕೆ ಇಳಿಯದಂತೆ ತಟ್ಟನೆ ಬಾಗಿಲು ಹಾಕುವುದು. ಅಲ್ಲಿನ ನರಗಳಿಗೆ ಒಮ್ಮೆ ಜೋರು ಪೆಟ್ಟು ಬಿದ್ದರೆ, ಅಥವಾ ದಿನದಿನವೂ ಸಣ್ಣ ಪೆಟ್ಟು ಬೀಳುತ್ತಿದ್ದರೆ, ಆ ಕಾವಲು ವಿಪರೀತ ಚುರುಕಾಗಿಬಿಡುತ್ತದೆ. ಆಮೇಲೆ ಪಕ್ಕದ ಮನೆಯ ಊದಿನಕಡ್ಡಿ ವಾಸನೆಗೂ ಬಾಗಿಲು ಹಾಕುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ, ಏಕೆಂದರೆ ಇದು ನಮ್ಮ ಕಡೆ ಯಾರ ಮನೆಯಲ್ಲೂ ಆಗಬಹುದು. ಮಳೆಗಾಲದಲ್ಲಿ ಅಂಗಳದ ಹಾಸುಗಲ್ಲು ಪಾಚಿ ಕಟ್ಟಿ ಜಾರುತ್ತದೆ. ಪಾಚಿಗೆ ಬ್ಲೀಚಿಂಗ್ ಪೌಡರ್ ಉದುರಿಸುವುದು ವಾಡಿಕೆ. ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಮನೆಯಲ್ಲಿ ಕಾರ್ಯ ಇದೆಯೆಂದು ಬಚ್ಚಲಿನ ಕಲ್ಲಿಗೂ ಅದನ್ನೇ ಹಾಕಿದರು. ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರು. ಬ್ಲೀಚಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲು. ಕಣ್ಣು ಉರಿದು, ಕೆಮ್ಮುತ್ತ ಹೊರಗೆ ಓಡಿ ಬಂದರು. ಸಂಜೆಯೊಳಗೆ ಗಂಟಲು ಹಿಡಿಯತೊಡಗಿತು. ಕೆಮ್ಮು ವಾರದಲ್ಲಿ ಹೋಯಿತು, ಗಂಟಲು ಹಿಡಿಯುವುದು ಹೋಗಲಿಲ್ಲ. ಮುಂದೆ ಫಿನಾಯಿಲ್, ಬಸ್ಸಿನಲ್ಲಿ ಯಾರೋ ಹಾಕಿಕೊಂಡ ಸೆಂಟು, ಗೋಡೆಗೆ ಹೊಡೆದ ಪೇಂಟು, ಯಾವುದಾದರೂ ಸಾಕಿತ್ತು. ನನ್ನ ಬಳಿ ಬರುವಷ್ಟರಲ್ಲಿ ಎರಡು ವರ್ಷ ದಮ್ಮಿನ ಔಷಧ ತೆಗೆದುಕೊಂಡಿದ್ದರು.

ಹೀಗೆ ಒಂದು ನಿರ್ದಿಷ್ಟ ಘಾಟಿನ ನಂತರ ಸಾಮಾನ್ಯವಾಗಿ 24 ಗಂಟೆಯೊಳಗೆ ಶುರುವಾಗುವ ಬಗೆಯನ್ನು ವೈದ್ಯರು 1990ರ ದಶಕದಲ್ಲಿ ಬೇರೆಯಾಗಿಯೇ ಗುರುತಿಸಿದರು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಕುಸಿದಾಗ ಆ ದೂಳಿನಲ್ಲಿ ಕೆಲಸ ಮಾಡಿದವರಲ್ಲೂ ಇದು ಕಂಡಿತ್ತು.

ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎರಡನ್ನೂ ಒಂದೇ ಗೂಡಿನಲ್ಲಿ ಇಡಲೂಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕು ಅನ್ನಿಸುವುದಿಲ್ಲ.

ನಮ್ಮ ಕಡೆ ಯಾವ್ಯಾವುದರಿಂದ ಬರುತ್ತದೆ?

ವರ್ಷದ ಚಕ್ರ ನೋಡಿದರೆ ತಾನಾಗಿ ಗೊತ್ತಾಗುತ್ತದೆ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆ ಮದ್ದು ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ಸುಣ್ಣ ಅರಳಿಸುವಾಗ ಏಳುವ ಬಿಸಿ ಹಬೆ, ಮೈಲುತುತ್ತದ ಪುಡಿ, ಮೇಲಿನಿಂದ ಇಳಿಯುವ ಮದ್ದಿನ ತುಂತುರು, ಮೂರೂ ಗಂಟಲಿಗೆ ಕಿರಿಕಿರಿ. ಸುಮಾರು ನಲವತ್ತು ದಿನಕ್ಕೆ ಇನ್ನೊಂದು ಸುತ್ತು. ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ, ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗವೇ ಗತಿ. ಹಸಿ ಸೌದೆ ಹೊಗೆ ಉಗುಳುತ್ತದೆ, ಒಳಗೆ ಬೂಸ್ಟಿನ ವಾಸನೆ. ಸೊಳ್ಳೆ ಬತ್ತಿಯನ್ನು ಕಿಟಕಿ ಮುಚ್ಚಿ ಹಚ್ಚುತ್ತೇವೆ. ಮಳೆ ನಿಂತ ಮೇಲೆ ಅಡಿಕೆ ಕೊಯ್ಲು: ಅಡಿಕೆ ಬೇಯಿಸುವ ಚೊಗರಿನ ಹಂಡೆಯ ಕೆಳಗೆ ದಿನವಿಡೀ ಒಲೆ, ಒಣಗಿದ ಅಡಿಕೆ ಸುಲಿಯುವ ಯಂತ್ರದ ದೂಳು. ಬೇಸಿಗೆಯಲ್ಲಿ ಮನೆಗೆ ಸುಣ್ಣಬಣ್ಣ, ಥಿನ್ನರ್. ಪೇಟೆಯಲ್ಲಿ ಭತ್ತದ ಗಿರಣಿ, ಫೌಂಡ್ರಿ, ಗ್ಯಾರೇಜು.

ಕರ್ಪೂರ, ಧೂಪ, ಹೋಮದ ಹೊಗೆ ಪಟ್ಟಿಯಲ್ಲಿವೆ ಎಂದರೆ ಕೆಲವರಿಗೆ ಬೇಜಾರಾಗುತ್ತದೆ. ಪೂಜೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೊಗೆಯಿಂದ ದೂರ, ಗಾಳಿ ಬರುವ ಬಾಗಿಲ ಬಳಿ ಕೂರಿ.

ಒಂದು ಡೈರಿ ಇಡಿ. ಯಾವತ್ತು, ಎಲ್ಲಿ, ಮೂಗಿಗೆ ಏನು ಬಡಿದಿತ್ತು, ಎಷ್ಟು ನಿಮಿಷ ಇತ್ತು. ಒಂದು ತಿಂಗಳು ಬರೆದರೆ ನಿಮ್ಮ ಶತ್ರು ಯಾರೆಂದು ನನಗಿಂತ ಚೆನ್ನಾಗಿ ನಿಮಗೇ ತಿಳಿಯುತ್ತದೆ.

ಒಗ್ಗರಣೆ ಘಾಟಿಗೆ ಎಲ್ಲರೂ ಕೆಮ್ಮುತ್ತಾರಲ್ಲ?

ಕೆಮ್ಮುತ್ತಾರೆ, ಕೆಮ್ಮಬೇಕು. ಒಣಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್ ಅನ್ನು ಕೆಮ್ಮಿನ ಸೂಕ್ಷ್ಮತೆ ಅಳೆಯಲು ಪ್ರಯೋಗಾಲಯದಲ್ಲೂ ಬಳಸುತ್ತಾರೆ. ಆದರೆ ನಾಲ್ಕು ಸಲ ಕೆಮ್ಮಿ ಕಣ್ಣೊರೆಸಿಕೊಂಡರೆ ಮುಗಿಯಬೇಕು. ಗಂಟಲು ಮುಚ್ಚಿ, ಮಾತು ಹೊರಡದೆ, ಉಸಿರೆಳೆಯುವಾಗ ಸದ್ದು ಬಂದರೆ ಅದು ಎಲ್ಲರಿಗೂ ಆಗುವ ಕೆಮ್ಮಲ್ಲ.

ಎಕ್ಸ್‌ರೇ, ರಕ್ತ, ಆಕ್ಸಿಜನ್ ಎಲ್ಲ ನಾರ್ಮಲ್. ಮನೆಯಲ್ಲಿ ನಾಟಕ ಅನ್ನುತ್ತಾರೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಶ್ವಾಸಕೋಶ ಚೆನ್ನಾಗಿದೆ, ಹಾಗಾಗಿ ಎಕ್ಸ್‌ರೇ ಚೆನ್ನಾಗಿರುತ್ತದೆ. ಕಿಂಡಿಯಿಂದ ಸಾಕಷ್ಟು ಗಾಳಿ ಹೋಗುತ್ತಿರುವುದರಿಂದ ಬೆರಳಿಗೆ ಹಾಕುವ ಯಂತ್ರ ಹೆಚ್ಚಾಗಿ 97, 98 ಅಂತಲೇ ತೋರಿಸುತ್ತದೆ. ಆಸ್ಪತ್ರೆ ತಲುಪುವ ಹೊತ್ತಿಗೆ ತಂತುಗಳು ತೆರೆದೂ ಆಗಿರುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್. ಆ ದಾರಿ ಮುಗಿಯುವವರೆಗೆ ಎಷ್ಟು ಜನರ ಗಂಟಲು ಹಿಡಿದುಕೊಂಡೇ ಕಾಯುತ್ತದೆ?

ವೈದ್ಯಲೋಕವೂ ಇಲ್ಲಿ ತಪ್ಪು ಮಾಡಿದೆ. 1842ರಲ್ಲಿ ಅಮೆರಿಕದ ವೈದ್ಯ ಡಂಗ್ಲಿಸನ್ ಇಂಥ ತೊಂದರೆಗೆ ಹಿಸ್ಟೀರಿಯಾದ ಹೆಸರು ಅಂಟಿಸಿದ. 1974ರಷ್ಟು ಈಚೆಗೂ ಒಂದು ವರದಿ ಇದನ್ನು ಬೇಕೆಂದೇ ನಟಿಸುವ ಕಾಯಿಲೆಗಳ ಸಾಲಿನ ಹೆಸರಿನಿಂದ ಕರೆಯಿತು. 1983ರಲ್ಲಿ ಅಮೆರಿಕದ ಡೆನ್ವರ್‌ನ ವೈದ್ಯರು ಅಸ್ತಮಾ ಎಂದೇ ಔಷಧ ಪಡೆಯುತ್ತಿದ್ದ ಐವರ ಗಂಟಲೊಳಗೆ ಕ್ಯಾಮೆರಾ ಇಳಿಸಿ, ತಂತುಗಳು ಮುಚ್ಚುವುದನ್ನು ದಾಖಲಿಸಿದ ಮೇಲೆ ಜನ ಇದನ್ನು ಗಂಭೀರವಾಗಿ ನೋಡತೊಡಗಿದರು.

ಗಾಬರಿ ಇದನ್ನು ಹೆಚ್ಚಿಸುತ್ತದೆ, ಅದು ನಿಜ. ಉಸಿರು ಕಟ್ಟಿದವರಿಗೆ ಗಾಬರಿಯಾಗದೆ ಇನ್ನೇನಾಗಬೇಕು? ಹಾಗೆಂದು ಗಾಬರಿಯೇ ಕಾಯಿಲೆ ಅಲ್ಲ. ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಾಣುತ್ತದೆ, ಬಹುಶಃ ಅದಕ್ಕೇ "ನಾಟಕ" ಎಂಬ ಮಾತು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ.

ಹಾಗಾದರೆ ಯಾವ ಪರೀಕ್ಷೆ ಮಾಡಿಸಬೇಕು?

ಖಚಿತವಾಗಿ ಹೇಳುವುದು ಲ್ಯಾರಿಂಗೋಸ್ಕೋಪಿ, ಮೂಗಿನಿಂದ ಕ್ಯಾಮೆರಾ ಇಳಿಸಿ ತಂತುಗಳನ್ನು ನೋಡುವುದು. ತೊಂದರೆ ಇರುವಾಗಲೇ ನೋಡಿದರೆ ಉತ್ತಮ. ಇಲ್ಲದಾಗ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ಕೆಲವೆಡೆ ವೈದ್ಯರ ಎದುರಿನಲ್ಲೇ, ಸಿದ್ಧತೆ ಇಟ್ಟುಕೊಂಡು, ನಿಮಗೆ ಆಗದ ವಾಸನೆ ತೋರಿಸಿ ನೋಡುತ್ತಾರೆ. ಮನೆಯಲ್ಲಿ ನೀವೇ ಈ ಪ್ರಯೋಗ ಮಾಡಬೇಡಿ. ಸ್ಪೈರೋಮೆಟ್ರಿ, ಅಂದರೆ ಕೊಳವೆಗೆ ಊದಿಸಿ ಉಸಿರಿನ ಹರಿವು ಅಳೆಯುವ ಪರೀಕ್ಷೆ, ಮಾಡಿಸಿದರೆ ಉಸಿರೆಳೆಯುವ ಭಾಗದ ಗೆರೆ ದುಂಡಗಿರುವ ಬದಲು ಚಪ್ಪಟೆಯಾಗಿರಬಹುದು. ಊದುವುದನ್ನಷ್ಟೇ ಅಲ್ಲ, ಎಳೆಯುವುದನ್ನೂ ದಾಖಲಿಸಿ ಎಂದು ಕೇಳಿ.

ನಾನು ಎಲ್ಲರಿಗೂ ಹೇಳುವ ಒಂದು ಉಪಾಯ: ತೊಂದರೆ ಬಂದಾಗ ಮನೆಯವರು ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಲಿ, ಸದ್ದು ಕೇಳುವ ಹಾಗೆ. ವೈದ್ಯರಿಗೆ ಅದು ದೊಡ್ಡ ಸಹಾಯ.

ದಮ್ಮಲ್ಲ ಎಂದಾದರೆ ಇನ್ಹೇಲರ್ ಬಿಟ್ಟುಬಿಡಲೇ?

ಬೇಡ. ಎರಡೂ ಒಟ್ಟಿಗೆ ಇರುವವರು ಕಡಿಮೆಯೇನಿಲ್ಲ. ನಿಜವಾದ ಅಸ್ತಮಾದ ಔಷಧವನ್ನು ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಬರಬಹುದು. ಯಾವುದನ್ನು ಎಷ್ಟು ಇಳಿಸಬೇಕೆಂದು ಎದೆ ವೈದ್ಯರು ಹೇಳಲಿ. ಸ್ಟೀರಾಯ್ಡ್ ಇನ್ಹೇಲರ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ದನಿ ಒಡೆಯುವುದಕ್ಕೆ ಗಂಟಲಲ್ಲಿ ಉಳಿದ ಆ ಔಷಧವೂ ಒಂದು ಕಾರಣ.

ಗಂಟಲು ಹಿಡಿದುಕೊಂಡ ಆ ಕ್ಷಣದಲ್ಲಿ ಏನು ಮಾಡಲಿ?

ಮೊದಲು ಘಾಟಿನಿಂದ ಹೊರಗೆ ಬನ್ನಿ. ಅಂಗಳಕ್ಕೋ ಕಿಟಕಿಯ ಬಳಿಗೋ. ಆಮೇಲೆ ಮಾಡಬೇಕಾದದ್ದು ನಿಮ್ಮ ದೇಹ ಕೇಳುವುದಕ್ಕೆ ಪೂರ್ತಿ ವಿರುದ್ಧ. ದೇಹ "ಬಾಯಿ ಕಳೆದು ಜೋರಾಗಿ ಎಳೆ" ಅನ್ನುತ್ತದೆ. ಎಳೆದಷ್ಟೂ ತಂತುಗಳು ಬಿಗಿಯುತ್ತವೆ. ಆದ್ದರಿಂದ ಗಮನವನ್ನು ಬಿಡುವ ಉಸಿರಿನ ಕಡೆಗೆ ತಿರುಗಿಸಿ.

ಭುಜ ಕೆಳಗೆ ಬಿಡಿ. ನಾಲಿಗೆಯ ತುದಿ ಕೆಳಗಿನ ಹಲ್ಲಿನ ಹಿಂದೆ ಸಡಿಲವಾಗಿ ಇರಲಿ. ಮಲ್ಲಿಗೆ ಮೂಸಿದ ಹಾಗೆ ಮೂಗಿನಿಂದ ಚುಟುಕಾಗಿ ಎರಡು ಸಲ ಸುಯ್ ಸುಯ್ ಎಂದು ಎಳೆಯಿರಿ. ಮೂಸುವಾಗ ತಂತುಗಳು ತೆರೆದುಕೊಳ್ಳುತ್ತವೆ, ಅದು ಅವುಗಳ ಸಹಜ ಗುಣ. ಕೂಡಲೇ ತುಟಿಯನ್ನು ಚೂಪು ಮಾಡಿ, ಬಿಸಿ ಕಾಫಿ ಆರಿಸಿದ ಹಾಗೆ ನಿಧಾನವಾಗಿ ಊದಿ. ಅಥವಾ "ಸ್ಸ್ಸ್" ಎನ್ನುತ್ತ ಬಿಡಿ. ಎಳೆಯುವುದು ಚಿಕ್ಕದು, ಬಿಡುವುದು ಉದ್ದ. ಮತ್ತೆ ಮೂಸಿ, ಮತ್ತೆ ಊದಿ. ಐದಾರು ಸುತ್ತಿಗೆ ಗಂಟಲಿನ ಬಿಗಿ ಕೊಂಚ ಸಡಿಲವಾದದ್ದು ತಿಳಿಯುತ್ತದೆ. ಆದ ತಕ್ಷಣ ಮಾತಾಡಲು ಹೋಗಬೇಡಿ, ಒಂದು ಗುಟುಕು ಬೆಚ್ಚಗಿನ ನೀರು ಕುಡಿಯಿರಿ.

ಇದನ್ನು ಚೆನ್ನಾಗಿರುವಾಗ ಕಲಿಯಬೇಕು. ಹೊಳೆಗೆ ಬಿದ್ದ ಮೇಲೆ ಈಜು ಕಲಿಯಲು ಆಗುವುದಿಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಉಸಿರು ಒಳಬರುವಾಗ ಅಂಗೈ ಮೇಲೇಳುವುದನ್ನು ನೋಡುತ್ತ ದಿನಕ್ಕೆ ಮೂರ್ನಾಲ್ಕು ಸಲ ಐದೈದು ನಿಮಿಷ ಮಾಡಿ. ಆ ಬಚ್ಚಲಿನ ಹೆಣ್ಣುಮಗಳು ಇದನ್ನು ಹಾಲು ಕಾಯಿಸುವ ಹೊತ್ತಿಗೆ ಜೋಡಿಸಿಕೊಂಡರು. ಒಲೆಯ ಮುಂದೆ ಹೇಗೂ ನಿಂತಿರಬೇಕಲ್ಲ ಎಂದರು.

ಉಸಿರು ಪೂರ್ತಿ ನಿಂತುಹೋದರೆ?

ವಿಸಿಡಿ ಒಂದೇ ಇದ್ದರೆ ಹಾಗಾಗುವುದು ತೀರ ಅಪರೂಪ. ಆದರೆ ಎಲ್ಲ ಉಸಿರುಕಟ್ಟೂ ವಿಸಿಡಿ ಅಲ್ಲ. ತುಟಿ ನೀಲಿಯಾದರೆ, ಮಂಪರು ಬಂದರೆ, ಆಕ್ಸಿಜನ್ ಇಳಿದರೆ, ಕಣಜ ಅಥವಾ ಹೆಜ್ಜೇನು ಕಚ್ಚಿದ ಮೇಲೆ ಮುಖ ಬಾತು ಮೈ ದದ್ದರಿಸಿದರೆ, ಮಗು ಏನಾದರೂ ನುಂಗಿದ ಅನುಮಾನವಿದ್ದರೆ, ವ್ಯಾಯಾಮದಲ್ಲಿ ಸಮಯ ಕಳೆಯದೆ 108ಕ್ಕೆ ಕರೆ ಮಾಡಿ. ಕೀಟನಾಶಕ ಹೊಡೆದ ನಂತರ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು ವಿಷದ ಲಕ್ಷಣ. ಬಾಟಲಿ ಅಥವಾ ಅದರ ಚೀಟಿ ಸಮೇತ ಆಸ್ಪತ್ರೆಗೆ ಹೋಗಿ. ಕ್ಲೋರಿನ್ ಅನಿಲವನ್ನು ಜೋರಾಗಿ ಉಸಿರಲ್ಲಿ ಎಳೆದುಕೊಂಡವರು ಆರಾಮ ಎನ್ನಿಸಿದರೂ ಅಂದೇ ತೋರಿಸಿಕೊಳ್ಳಬೇಕು, ಏಕೆಂದರೆ ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ನಂತರವೂ ಶುರುವಾಗಬಹುದು.

ದನಿ ಮೂರು ವಾರಕ್ಕಿಂತ ಹೆಚ್ಚು ದಿನ ಒಡೆದೇ ಇದ್ದರೆ, ಸದ್ದು ಬಂದುಹೋಗದೆ ಸದಾ ಇದ್ದರೆ, ಕಫದಲ್ಲಿ ರಕ್ತ ಕಂಡರೆ ಅದೂ ಬೇರೆ ವಿಷಯ, ವೈದ್ಯರಿಗೆ ತೋರಿಸಿ. ಹೊಗೆಸೊಪ್ಪು ಹಾಕುವವರು, ಬೀಡಿ ಸೇದುವವರು ಇದನ್ನು ಮುಂದೂಡಲೇಬಾರದು.

ಮಾಸ್ಕ್ ಹಾಕಿಕೊಂಡರೆ ಸಾಲದೇ?

ಯಾವುದಕ್ಕೆ ಎಂಬುದರ ಮೇಲಿದೆ. ಬಾಯಿಗೆ ಟವೆಲ್ ಸುತ್ತಿಕೊಂಡರೆ ಹೆಚ್ಚೇನೂ ತಡೆಯುವುದಿಲ್ಲ. ಅಡಿಕೆ ದೂಳಿಗೆ, ಹೊಗೆಯ ಕಣಗಳಿಗೆ ಎನ್95 ಒಳ್ಳೆಯದು, ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ಕ್ಲೋರಿನ್, ಥಿನ್ನರ್‌ನಂಥ ಅನಿಲ ಮತ್ತು ಆವಿಗಳನ್ನು ಎನ್95 ತಡೆಯುವುದಿಲ್ಲ. ಅದಕ್ಕೆ ತಕ್ಕ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಮದ್ದು ಹೊಡೆಯುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಅಡಿಕೆ ಮರ ಹತ್ತುವ ಕೂಲಿಗೆ ಬರುವ ಕೊನೆಗಾರರಿಗೂ ತೋಟದ ಯಜಮಾನರೇ ಮಾಸ್ಕ್ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಂಟಲು ಅವರದೂ ಅದೇ.

ಗಂಟಲಿಗೆ ತೋರಿಸಲು ಹೋದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರಲ್ಲ?

ಸರಿಯಾಗಿಯೇ ಕೊಟ್ಟಿದ್ದಾರೆ. ಹೊಟ್ಟೆಯ ಹುಳಿ ಮೇಲೇರಿ ಧ್ವನಿಪೆಟ್ಟಿಗೆಯನ್ನು ಸುಡುತ್ತಿದ್ದರೆ ಅದು ಮೊದಲೇ ಕೆರಳಿರುತ್ತದೆ, ಘಾಟು ನೆಪ ಅಷ್ಟೇ. ಮೂಗಿನ ಹಿಂದಿನಿಂದ ಇಳಿಯುವ ಸಿಂಬಳವೂ ಹಾಗೇ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ, ಸಂಜೆಯ ಮೇಲಿನ ಕಾಫಿ ಬಿಡಿ.

ನೀಲಗಿರಿ ಎಣ್ಣೆ ಹಾಕಿ ಹಬೆ ತೆಗೆದುಕೊಳ್ಳಬಹುದೇ?

ಬರೀ ನೀರಿನ ಹಬೆ ಕೆಲವರಿಗೆ ಹಿತ. ನೀಲಗಿರಿ, ಬಾಮ್ ಹಾಕಬೇಡಿ. ಅದೂ ಘಾಟೇ.

ಎಷ್ಟು ದಿನಕ್ಕೆ ವಾಸಿ? ಆಪರೇಷನ್ ಬೇಕೇ?

ಆಪರೇಷನ್ ಬೇಡ. ಮೂರರಿಂದ ಆರು ಸಲ ವಾಕ್ ಚಿಕಿತ್ಸೆಗೆ ಬಂದು, ಮನೆಯಲ್ಲಿ ತಪ್ಪದೆ ಅಭ್ಯಾಸ ಮಾಡಿದ ಹೆಚ್ಚಿನವರಿಗೆ ಹಿಡಿತ ಸಿಗುತ್ತದೆ. ಘಾಟಿನ ಸೂಕ್ಷ್ಮತೆ ಪೂರ್ತಿ ಹೋಗದೆ ಉಳಿಯಬಹುದು, ಆದರೆ ಗಂಟಲು ಹಿಡಿದದ್ದನ್ನು ಬಿಡಿಸಿಕೊಳ್ಳುವ ದಾರಿ ಕೈಯಲ್ಲಿರುತ್ತದೆ. ಏನೂ ಫಲಿಸದ ಕೆಲವರಿಗೆ ತಂತುವಿಗೆ ಸ್ನಾಯು ಸಡಿಲಿಸುವ ಬೊಟುಲಿನಂ ಇಂಜೆಕ್ಷನ್ ಕೊಡುವುದುಂಟು, ಅದು ದೊಡ್ಡ ಕೇಂದ್ರಗಳಲ್ಲಿ. ದನಿ ಮತ್ತು ಮಾತಿನ ಚಿಕಿತ್ಸೆಗೆಂದೇ ನಮ್ಮ ರಾಜ್ಯದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಹತ್ತಿರದಲ್ಲಿ ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಿಂದ ಶುರುಮಾಡಿ.

ಗಂಟಲು ಹಿಡಿದಾಗ ಮಾತೇ ಹೊರಡುವುದಿಲ್ಲ. ಎದುರಿಗಿದ್ದವರಿಗೆ ಹೇಗೆ ತಿಳಿಸಲಿ?

ಮನೆಯವರಿಗೆ ಮೊದಲೇ ಕಲಿಸಿ. "ಜೋರಾಗಿ ಉಸಿರೆಳಿ, ಎಳಿ" ಎಂದು ಸುತ್ತ ನಿಂತು ಕೂಗಬಾರದು. ಒಬ್ಬರು ಎದುರಿಗೆ ಕೂತು, ಮೂಸಿ ಊದುವುದನ್ನು ತಾವೇ ಮಾಡಿ ತೋರಿಸಿದರೆ ಸಾಕು, ನೋಡುತ್ತ ನೋಡುತ್ತ ಇವರ ಉಸಿರೂ ಆ ಲಯಕ್ಕೆ ಬರುತ್ತದೆ.

ಹೊರಗಿನವರಿಗಾಗಿ ಪರ್ಸಿನಲ್ಲಿ ಒಂದು ಚೀಟಿ ಇಡಿ. ನಾನು ಬರೆದುಕೊಡುವುದು ಹೀಗೆ: "ನನಗೆ ಧ್ವನಿತಂತು ಮುಚ್ಚಿಕೊಳ್ಳುವ ತೊಂದರೆ ಇದೆ, ವಿಸಿಡಿ. ಹೊಗೆ, ಬ್ಲೀಚ್, ಸೆಂಟಿನಿಂದ ಬರುತ್ತದೆ. ಈಗ ಮಾತಾಡಲು ಆಗುತ್ತಿಲ್ಲ. ದಯವಿಟ್ಟು ಗಾಳಿ ಇರುವ ಕಡೆ ಕೂರಿಸಿ, ಆಕ್ಸಿಜನ್ ನೋಡಿ. ಐದು ನಿಮಿಷದಲ್ಲಿ ಇಳಿಯದಿದ್ದರೆ, ತುಟಿ ನೀಲಿಯಾದರೆ, 108." ಕೆಳಗೆ ಮನೆಯವರ ನಂಬರು, ಅಸ್ತಮಾ ಇದ್ದರೆ ಅದು, ಇನ್ಹೇಲರಿನ ಹೆಸರು. ಮಳೆಗಾಲ ಬರುವ ಮುಂಚೆ ಚೀಟಿಯನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಡಿ.